ಮಾವನ ಡ್ರೋನು, ಸೋಗಾನೆಯ ಆಕಾಶ

ಕಳೆದ ವಾರದ ಅಂಚೆಯಲ್ಲಿ ಒಂದೇ ಲಕೋಟೆಯೊಳಗೆ ಎರಡು ಕಾಗದಗಳಿದ್ದವು. ಒಂದು ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ. ಬರೆದವನು ಏಳನೇ ತರಗತಿಯ ಹುಡುಗ. ಇನ್ನೊಂದು ಬಿಳಿ ಹಾಳೆ. ಬರೆದವರು ಅವನ ಅಜ್ಜ. ಊರು ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಸುಮಾರು ಏಳು ಕಿಲೋಮೀಟರ್ ದೂರ.

ಹುಡುಗನ ಮಾತು ಇಷ್ಟು. ಅಮೆರಿಕದಲ್ಲಿರುವ ಸೋದರಮಾವ ರಜೆಗೆ ಬರುವಾಗ ಕ್ಯಾಮೆರಾ ಇರುವ ಡ್ರೋನ್ ತಂದುಕೊಡುತ್ತೇನೆ ಎಂದಿದ್ದಾರೆ. ಅದರ ತೂಕ 249 ಗ್ರಾಂ. ‘ಅಷ್ಟು ಹಗುರದ್ದಕ್ಕೆ ಯಾವ ಕಾನೂನೂ ಇಲ್ಲ’ ಎಂದು ಮಾವನೇ ಹೇಳಿದ್ದಾರೆ. ಆದರೆ ಅಜ್ಜ ಕೇಳುತ್ತಿಲ್ಲ.

ಅಜ್ಜನ ಮಾತು ಇನ್ನೂ ಚಿಕ್ಕದು. ‘ಪಕ್ಕದಲ್ಲೇ ವಿಮಾನ ಇಳಿಯುತ್ತದೆ. ನಾಳೆ ಪೊಲೀಸರು ಮನೆ ಬಾಗಿಲಿಗೆ ಬಂದರೆ ಉತ್ತರ ಹೇಳಬೇಕಾದವನು ನಾನು. ಬೇಡ ಅಂದಿದ್ದಕ್ಕೆ ಹುಡುಗ ನಾಲ್ಕು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನೀವೇ ಒಂದು ತೀರ್ಪು ಹೇಳಿ.’

ಇಬ್ಬರೂ ಅರ್ಧರ್ಧ ಸರಿ. ಆದರೆ ತೀರ್ಪಿಗಿಂತ ಮೊದಲು ತುರ್ತಾಗಿ ಹೇಳಬೇಕಾದದ್ದೊಂದಿದೆ, ಯಾಕೆಂದರೆ ಮಾವ ಇನ್ನೂ ವಿಮಾನ ಹತ್ತಿಲ್ಲ. ಮಗು, ಇವತ್ತೇ ಮಾವನಿಗೆ ಫೋನ್ ಮಾಡು. ಡ್ರೋನ್ ತರುವುದು ಬೇಡ ಎಂದು ಹೇಳು. 2022ರ ಫೆಬ್ರವರಿ 9ರಿಂದ ವಿದೇಶದಲ್ಲಿ ತಯಾರಾದ ಡ್ರೋನ್‌ಗಳನ್ನು ಭಾರತಕ್ಕೆ ತರುವುದನ್ನು ನಮ್ಮ ಸರ್ಕಾರ ನಿಷೇಧಿಸಿದೆ. ಪೂರ್ತಿ ಜೋಡಿಸಿದ್ದೂ ಆಗದು, ಬಿಚ್ಚಿ ಪೆಟ್ಟಿಗೆಯಲ್ಲಿಟ್ಟ ಇಡೀ ಸೆಟ್ಟೂ ಆಗದು. ರಕ್ಷಣೆ, ಭದ್ರತೆ, ಸಂಶೋಧನೆಯಂಥ ಕೆಲಸಕ್ಕೆ ಅನುಮತಿ ಪಡೆದು ತರಿಸುವವರಿಗಷ್ಟೇ ವಿನಾಯಿತಿ. ಬಿಡಿಭಾಗಗಳಿಗೆ ತಡೆಯಿಲ್ಲ. ನಮ್ಮಲ್ಲೇ ಡ್ರೋನ್ ತಯಾರಾಗಲಿ ಎಂಬುದು ಇದರ ಹಿಂದಿನ ಉದ್ದೇಶ. ಮಾವನ ಉಡುಗೊರೆಯನ್ನು ಕಸ್ಟಮ್ಸ್‌ನವರು ಕೌಂಟರಿನಲ್ಲೇ ತೆಗೆದಿಟ್ಟುಕೊಂಡರೆ, ದುಡ್ಡೂ ಹೋಯಿತು, ರಜೆಯ ಮೊದಲ ದಿನವೂ ಕೆಟ್ಟಿತು.

ಹಾಗಾದರೆ ಡ್ರೋನಿನ ಆಸೆಯನ್ನೇ ಬಿಡಬೇಕೆ? ಬಿಡಬೇಕಿಲ್ಲ. ಇಲ್ಲೇ ತಯಾರಾದವು ಸಿಗುತ್ತವೆ. ನಿಮ್ಮ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಮೇಷ್ಟ್ರನ್ನು ಕೇಳು, ಕೈಯಾರೆ ಒಂದನ್ನು ಜೋಡಿಸುವ ಅವಕಾಶ ಸಿಕ್ಕರೂ ಸಿಗಬಹುದು. ನಾನಾಗಿದ್ದರೆ ಪೆಟ್ಟಿಗೆಯಿಂದ ತೆಗೆದದ್ದಕ್ಕಿಂತ ಜೋಡಿಸಿದ್ದನ್ನೇ ಆರಿಸಿಕೊಳ್ಳುತ್ತಿದ್ದೆ. ಬಿದ್ದು ಮುರಿದರೆ ರಿಪೇರಿ ಮಾಡಲು ಬರುತ್ತದಲ್ಲ!

ಈಗ ಅಜ್ಜನ ಕಡೆ ತಿರುಗುತ್ತೇನೆ. ಅಜ್ಜ, ನೀವು ಆಷಾಢದ ಗಾಳಿಯಲ್ಲಿ ಪಟ ಹಾರಿಸಿದವರೇ ಇರಬೇಕು. ತೆಂಗಿನ ಕಡ್ಡಿ, ಬಣ್ಣದ ಕಾಗದ, ಅನ್ನದ ಅಂಟು, ಹಳೆಯ ಸೀರೆಯ ಅಂಚಿನ ಬಾಲಂಗೋಚಿ. ಸೂತ್ರ ಒಂದೆಳೆ ಓರೆಯಾದರೂ ಪಟ ಗಿರಕಿ ಹೊಡೆಯುತ್ತಿತ್ತು. ಆಗ ಯಾರ ಅನುಮತಿ ಕೇಳಿದ್ದಿರಿ? ಯಾರದ್ದೂ ಇಲ್ಲ. ಆದರೆ ಒಂದು ತಮಾಷೆ ಕೇಳಿ. 1934ರ ವಿಮಾನ ಕಾಯಿದೆಯಲ್ಲಿ ‘ವಿಮಾನ’ ಎಂದರೇನು ಎಂದು ವಿವರಿಸುವಾಗ ಬಲೂನು, ಗ್ಲೈಡರುಗಳ ಜೊತೆಗೆ ಗಾಳಿಪಟವನ್ನೂ ಸೇರಿಸಿದ್ದರು. ಹಾಗೆ ನೋಡಿದರೆ ನಮ್ಮ ಕಾಲದ ಹುಡುಗರೆಲ್ಲ ಲೈಸೆನ್ಸಿಲ್ಲದ ವಿಮಾನ ಚಾಲಕರು! ಯಾರೂ ಹಿಡಿಯಲಿಲ್ಲ, ಏಕೆಂದರೆ ಪಟಕ್ಕೆ ದಾರವಿತ್ತು. ದಾರ ಎಷ್ಟುದ್ದವೋ ಪಟ ಅಷ್ಟೇ ದೂರ. ಹಾರಿಸುವವನ ಕಣ್ಣೂ ಅದರ ಮೇಲೇ ಇರುತ್ತಿತ್ತು. ಡ್ರೋನಿಗೆ ದಾರವಿಲ್ಲ. ದಾರ ಮಾಡುತ್ತಿದ್ದ ಕೆಲಸವನ್ನು ಈಗ ನಿಯಮ ಮಾಡಬೇಕಾಗಿದೆ.

ಆ ನಿಯಮ ಬರಲು ವರ್ಷಗಳೇ ಹಿಡಿದವು. 2014ರ ಮೇ ತಿಂಗಳಲ್ಲಿ ಮುಂಬಯಿಯ ಒಂದು ಪಿಜ್ಜಾ ಅಂಗಡಿಯವರು ಎತ್ತರದ ಕಟ್ಟಡವೊಂದಕ್ಕೆ ಡ್ರೋನಿನಲ್ಲಿ ಪಿಜ್ಜಾ ಕಳಿಸಿ ದೊಡ್ಡ ಸುದ್ದಿಯಾದರು. ಅದೇ ವರ್ಷದ ಅಕ್ಟೋಬರ್ 7ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಸಾರ್ವಜನಿಕರು ಡ್ರೋನ್ ಹಾರಿಸುವುದನ್ನೇ ನಿಲ್ಲಿಸಿತು. ನಾಲ್ಕು ವರ್ಷದ ಮೇಲೆ, 2018ರ ಡಿಸೆಂಬರಿನಲ್ಲಿ, ಬಾಗಿಲು ಸ್ವಲ್ಪ ತೆರೆಯಿತು. ಆದರೆ ಅರ್ಜಿ, ಫಾರಂ, ಅನುಮತಿಗಳ ರಾಶಿ ನೋಡಿಯೇ ಜನ ಸುಸ್ತಾದರು. ಈಗ ನಡೆಯುತ್ತಿರುವುದು 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು, ಆಮೇಲೆ ಅವಕ್ಕೆ ಬಂದ ತಿದ್ದುಪಡಿಗಳು. ಮೊದಲಿನವಕ್ಕಿಂತ ಇವು ಎಷ್ಟೋ ಸರಳ. ನನಗೆ ಇವುಗಳಲ್ಲಿ ಇಷ್ಟವಾದದ್ದು ಎಲ್ಲಕ್ಕೂ ‘ಬೇಡ’ ಎನ್ನದೆ, ಎಲ್ಲಿ ಬೇಡ, ಎಲ್ಲಿ ಆಗಬಹುದು ಎಂದು ಬಿಡಿಸಿ ಹೇಳಿರುವುದು.

ನಿಯಮಗಳು ಮೊದಲು ಕೇಳುವುದು ತೂಕವನ್ನು. 250 ಗ್ರಾಂವರೆಗಿನದು ನ್ಯಾನೋ. ಅಲ್ಲಿಂದ 2 ಕೆಜಿವರೆಗೆ ಮೈಕ್ರೋ, 25 ಕೆಜಿವರೆಗೆ ಸ್ಮಾಲ್, 150 ಕೆಜಿವರೆಗೆ ಮೀಡಿಯಂ, ಅದಕ್ಕೂ ಮೇಲಿನದು ಲಾರ್ಜ್. ಅಂಗಡಿಯಲ್ಲಿ ಕಾಲು ಕೆಜಿ ಕಾಫಿಪುಡಿಯ ಪೊಟ್ಟಣವನ್ನು ಅಂಗೈಯಲ್ಲಿಟ್ಟು ನೋಡು ಮಗು, ನ್ಯಾನೋ ಅಂದರೆ ಅಷ್ಟೇ. ಮಾರುವವರು 249 ಗ್ರಾಂ ಎಂದು ದೊಡ್ಡದಾಗಿ ಬರೆಯುವುದರ ಗುಟ್ಟೂ ಇದೇ. ಆದರೆ ಲೆಕ್ಕಕ್ಕೆ ಬರುವುದು ಹಾರುವಾಗಿನ ಒಟ್ಟು ತೂಕ. ರೆಕ್ಕೆಗಳಿಗೆ ರಕ್ಷಣೆಯ ಬಳೆ ಹಾಕಿದೆ, ದೊಡ್ಡ ಬ್ಯಾಟರಿ ಕೂರಿಸಿದೆ ಎಂದರೆ ಕಾಲು ಕೆಜಿ ಮೀರಿತು, ನ್ಯಾನೋ ಹೋಗಿ ಮೈಕ್ರೋ ಆಯಿತು. ಅಜ್ಜಿಯ ಅಡುಗೆಮನೆಯಲ್ಲಿ ಡಿಜಿಟಲ್ ತಕ್ಕಡಿ ಇದ್ದರೆ ತೂಗಿ ನೋಡಬಹುದು, ಅಜ್ಜಿ ಒಪ್ಪಿದರೆ.

ನ್ಯಾನೋ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಡ, ವಿಮೆ ಕಡ್ಡಾಯವಲ್ಲ. ಮೈಕ್ರೋ ಆದರೂ ಸಂಪಾದನೆಗಲ್ಲದೆ ಬರೀ ಸಂತೋಷಕ್ಕೆ ಹಾರಿಸಿದರೆ ಪ್ರಮಾಣಪತ್ರ ಬೇಡ. ಮಾವ ಹೇಳಿದ್ದರಲ್ಲಿ ಸರಿಯಾದ ಅರ್ಧ ಇದು. ಇದನ್ನು ದಾಟಿದರೆ ಪ್ರಮಾಣಪತ್ರ ಬೇಕು. ಅದಕ್ಕೆ ವಯಸ್ಸು 18 ತುಂಬಿರಬೇಕು, 65 ಮೀರಿರಬಾರದು, ಹತ್ತನೇ ತರಗತಿ ಪಾಸಾಗಿರಬೇಕು, ಸರ್ಕಾರ ಮಾನ್ಯ ಮಾಡಿದ ತರಬೇತಿ ಸಂಸ್ಥೆಯಲ್ಲಿ ಕಲಿತಿರಬೇಕು. ಹತ್ತು ವರ್ಷ ಅದು ನಡೆಯುತ್ತದೆ. ಕಾರಿಗೆ ನಂಬರ್ ಪ್ಲೇಟ್ ಇದ್ದಂತೆ ಡ್ರೋನಿಗೂ ಒಂದು ಗುರುತಿನ ಸಂಖ್ಯೆಯಿದೆ. ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ನೋಂದಾಯಿಸಿ ಅದನ್ನು ಪಡೆಯಬೇಕು. ಇದೇನೂ ದೊಡ್ಡ ಖರ್ಚಿನ ಬಾಬಲ್ಲ, ನಿಯಮಗಳು ಬಂದಾಗ ಇಟ್ಟ ಶುಲ್ಕ 100 ರೂಪಾಯಿ. ಮಕ್ಕಳ ಹೆಸರಿನಲ್ಲಿ ತಲೆಕೆಡಿಸಿಕೊಳ್ಳುವ ಬದಲು ಮನೆಯ ಹಿರಿಯರ ಹೆಸರಿನಲ್ಲೇ ಬಿಲ್ಲು, ನೋಂದಣಿ ಎರಡನ್ನೂ ಮಾಡಿಸಿಡುವುದು ಜಾಣತನ.

ಮಾವ ಮರೆತ ಅರ್ಧ ಯಾವುದು ಗೊತ್ತೇ? ತೂಕದ ರಿಯಾಯಿತಿ ಹಾರಿಸುವವನ ಕಾಗದಪತ್ರಗಳಿಗೆ. ಆಕಾಶಕ್ಕೆ ಅಂಥ ರಿಯಾಯಿತಿ ಇಲ್ಲ.

ಸರ್ಕಾರದ ನಕ್ಷೆಯಲ್ಲಿ ದೇಶದ ಆಕಾಶಕ್ಕೆಲ್ಲ ಮೂರು ಬಣ್ಣ ಹಚ್ಚಿದ್ದಾರೆ: ಹಸಿರು, ಹಳದಿ, ಕೆಂಪು. ಹಸಿರಿನಲ್ಲಿ 400 ಅಡಿ ಎತ್ತರದವರೆಗೆ ಅನುಮತಿ ಕೇಳದೆ ಹಾರಿಸಬಹುದು. 400 ಅಡಿ ಅಂದರೆ ನಿಮ್ಮ ಜಿಲ್ಲೆಯ ಜೋಗದ ಜಲಪಾತವಿದೆಯಲ್ಲ, ಅದರ 830 ಅಡಿಯಲ್ಲಿ ಅರ್ಧಕ್ಕಿಂತಲೂ ಕಡಿಮೆ. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿಯೇ ಬೇಕು, ನಮ್ಮಂಥವರು ಅತ್ತ ತಲೆ ಹಾಕದಿರುವುದೇ ಒಳ್ಳೆಯದು. ನಡೆಯುತ್ತಿರುವ ವಿಮಾನ ನಿಲ್ದಾಣದ ಬೇಲಿಯಿಂದ ಸಾಮಾನ್ಯವಾಗಿ 5 ಕಿಲೋಮೀಟರ್ ಒಳಗೆ ಕೆಂಪು. 5ರಿಂದ 8 ಕಿಲೋಮೀಟರ್ ನಡುವೆ ನೆಲದಿಂದಲೇ ಹಳದಿ. 8ರಿಂದ 12ರ ನಡುವೆ 200 ಅಡಿಯವರೆಗೆ ಹಸಿರು, ಅದರ ಮೇಲೆ ಹಳದಿ.

ನಿಮ್ಮ ಮನೆ ಏಳು ಕಿಲೋಮೀಟರಿನಲ್ಲಿದೆ. ಅಂಗಳದಲ್ಲಿ ನಿಂತು ಒಂದಾಳೆತ್ತರ ಹಾರಿಸಿದರೂ ಅದು ಹಳದಿ ಆಕಾಶವೇ. ಡ್ರೋನ್ 249 ಗ್ರಾಂ ಇರಲಿ, 24 ಕೆಜಿ ಇರಲಿ, ಅನುಮತಿ ಬೇಕು. ಅಜ್ಜ ಹೇಳಿದ್ದರಲ್ಲಿ ಸರಿಯಾದ ಅರ್ಧ ಇದು. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಅಜ್ಜನ ಹೆದರಿಕೆ ಸುಳ್ಳಲ್ಲ. 2023ರ ಫೆಬ್ರವರಿಗೆ ಮುಂಚೆ, ಕುವೆಂಪು ಅವರ ಹೆಸರಿನ ಆ ನಿಲ್ದಾಣ ಉದ್ಘಾಟನೆಯಾಗುವ ಮೊದಲು, ನಿಮ್ಮ ಊರಿನ ಮೇಲೆ ಈ ಹಳದಿ ಉಂಗುರ ಇರಲಿಲ್ಲ. ಊರು ಇದ್ದಲ್ಲೇ ಇದೆ, ಆಕಾಶದ ಬಣ್ಣ ಬದಲಾಯಿತು. ಇಂಥ ಬದಲಾವಣೆ ಮುಂದೆಯೂ ಆಗಬಹುದು, ಆದ್ದರಿಂದ ಯಾರೋ ಹೇಳಿದ್ದನ್ನು ನಂಬಿಕೊಂಡು ಕೂರದೆ ಹಾರಿಸುವ ದಿನ ಬೆಳಿಗ್ಗೆ ನಕ್ಷೆ ತೆರೆದು ನೋಡಬೇಕು.

‘ವಿಮಾನ ಎಲ್ಲೋ ಮೇಲಿರುತ್ತದೆ, ನನ್ನ ಡ್ರೋನ್ ಎಲ್ಲೋ ಕೆಳಗೆ’ ಎಂದು ನಿನಗೆ ಅನ್ನಿಸಬಹುದು. ಲೆಕ್ಕ ಹಾಕೋಣ. ಇಳಿಯುವ ವಿಮಾನ ಸುಮಾರು ಮೂರು ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ರನ್‌ವೇ ಇನ್ನೂ ಏಳು ಕಿಲೋಮೀಟರ್ ಇರುವಾಗ ಅದು ನೆಲದಿಂದ ಹತ್ತಿರ ಹತ್ತಿರ 1,200 ಅಡಿ ಮೇಲಿರುತ್ತದೆ. ಎರಡು ಕಿಲೋಮೀಟರ್ ಇರುವಾಗ 350 ಅಡಿಯೂ ಇರುವುದಿಲ್ಲ. ಅಂದರೆ ಹಸಿರು ವಲಯದ 400 ಅಡಿಗಿಂತಲೂ ಕೆಳಗೆ! ಅದಕ್ಕೇ ಹತ್ತಿರದ ಉಂಗುರ ಕೆಂಪು, ಆಮೇಲಿನದು ಹಳದಿ. ಗಣಿತದ ಮೇಷ್ಟ್ರ ಹತ್ತಿರ ಈ ಲೆಕ್ಕ ಬಿಡಿಸಿಕೊಂಡರೆ ಉಂಗುರಗಳು ಸುಮ್ಮನೆ ಎಳೆದವಲ್ಲ ಎಂದು ತಿಳಿಯುತ್ತದೆ.

ಇನ್ನು ಹೆಲಿಕಾಪ್ಟರು, ನೀರು ಚಿಮ್ಮುವ ವಿಮಾನಗಳಂತೂ ಎಲ್ಲಿ ಬೇಕಾದರೂ ತಗ್ಗಿನಲ್ಲಿ ಬಂದಾವು. 2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತ ದೊಡ್ಡ ಕಾಡ್ಗಿಚ್ಚು ಹಬ್ಬಿತ್ತು, ನೀವು ಟಿ.ವಿ.ಯಲ್ಲಿ ನೋಡಿರಬಹುದು. ಸಮುದ್ರದಿಂದ ನೀರು ಮೊಗೆದು ಬೆಂಕಿಯ ಮೇಲೆ ಸುರಿಯುವ ಹಳದಿ-ಕೆಂಪು ಬಣ್ಣದ ವಿಮಾನಗಳನ್ನು ಕೆನಡಾದ ಕ್ವಿಬೆಕ್ ಪ್ರಾಂತ್ಯ ಸಹಾಯಕ್ಕೆ ಕಳಿಸಿತ್ತು. ಒಬ್ಬಾತನಿಗೆ ಬೆಂಕಿ ಎಷ್ಟು ಸುಟ್ಟಿದೆ ನೋಡುವ ಕುತೂಹಲ. ಕಾರು ನಿಲ್ಲಿಸುವ ಕಟ್ಟಡದ ಮೇಲಂತಸ್ತಿನಿಂದ ಪುಟ್ಟ ಡ್ರೋನ್ ಹಾರಿಸಿದ. ಎರಡೂವರೆ ಕಿಲೋಮೀಟರ್ ದೂರ ಹೋಯಿತು, ಅವನ ಕಣ್ಣಿಗೆ ಕಾಣದಾಯಿತು. ಅಲ್ಲಿ ಅದು ನೀರಿನ ವಿಮಾನದ ಎಡ ರೆಕ್ಕೆಗೆ ಬಡಿದು ಅಂಗೈಯಷ್ಟು ತೂತು ಮಾಡಿತು. ಒಳಗೆ ಇಬ್ಬರಿದ್ದರು. ಪುಣ್ಯಕ್ಕೆ ವಿಮಾನ ಸುರಕ್ಷಿತವಾಗಿ ಇಳಿಯಿತು. ಆದರೆ ಊರು ಉರಿಯುತ್ತಿರುವಾಗ ಅದು ರಿಪೇರಿಗೆ ನಿಲ್ಲಬೇಕಾಯಿತು. ಹಾರಿಸಿದವನು ತಪ್ಪೊಪ್ಪಿಕೊಂಡು 65 ಸಾವಿರ ಡಾಲರಿಗೂ ಮಿಕ್ಕ ನಷ್ಟ ತುಂಬಿಕೊಡಲು ಒಪ್ಪಿದ. ಆತ ದುಷ್ಟನಲ್ಲ, ನೋಡಿ. ಪರದೆಯಲ್ಲಿ ಚಿತ್ರ ಕಾಣುತ್ತಿದೆ, ಹಾಗಾದರೆ ಎಲ್ಲ ಕಾಣುತ್ತಿದೆ ಎಂದುಕೊಂಡ. ಡ್ರೋನಿನ ಕ್ಯಾಮೆರಾಕ್ಕೆ ಅದರ ಮುಂದಿನದು ಮಾತ್ರ ಕಾಣುತ್ತದೆ. ಹಿಂದಿನಿಂದ, ಮೇಲಿನಿಂದ ಬರುವುದನ್ನು ಕಾಣಬೇಕಾದ್ದು ನೆಲದ ಮೇಲೆ ನಿಂತವರ ಕಣ್ಣು, ಕೇಳಬೇಕಾದ್ದು ಅವರ ಕಿವಿ. ಮನುಷ್ಯರಿರುವ ವಿಮಾನದ ದಾರಿಗೆ ಡ್ರೋನ್ ಅಡ್ಡ ಬರಲೇಬಾರದು ಎಂದು ನಮ್ಮ ನಿಯಮಗಳೂ ಹೇಳುತ್ತವೆ.

ಇನ್ನೊಂದು ಊರಿನ ಕಥೆ ಚಿಕ್ಕದಾಗಿ. 2018ರ ಡಿಸೆಂಬರಿನಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಬಳಿ ಡ್ರೋನ್ ಕಂಡಿತು ಎಂಬ ಸುದ್ದಿಗೇ ರನ್‌ವೇ ಮುಚ್ಚಿದರು. ಸುಮಾರು ಸಾವಿರ ವಿಮಾನಗಳ ಸಂಚಾರ ಕೆಟ್ಟಿತು, ಒಂದು ಲಕ್ಷ ನಲವತ್ತು ಸಾವಿರದಷ್ಟು ಪ್ರಯಾಣಿಕರು ಕ್ರಿಸ್‌ಮಸ್ ಮುಂದೆ ಬ್ಯಾಗು ಹಿಡಿದು ಕುಳಿತರು. ಹಾರಿಸಿದವರು ಯಾರೆಂದು ಪತ್ತೆಯಾಗಲಿಲ್ಲ.

ಸರಿ, ನಮ್ಮ ಹುಡುಗ ಎಲ್ಲಿ ಹಾರಿಸಬೇಕು? ಭಾನುವಾರ ಬೆಳಿಗ್ಗೆ ಅಜ್ಜನ ಜೊತೆ ಬಸ್ಸು ಹತ್ತಿ ವಿಮಾನ ನಿಲ್ದಾಣದಿಂದ ಹನ್ನೆರಡು ಕಿಲೋಮೀಟರ್ ಆಚೆ ಹೋಗಲಿ. ನಕ್ಷೆಯಲ್ಲಿ ಹಸಿರಿರುವ, ಬೆಳೆ ಕೊಯ್ದು ಖಾಲಿಯಾದ, ಪರಿಚಯದವರ ಗದ್ದೆಯಾದರೆ ಚೆನ್ನ. ಹೊಲದವರನ್ನು ಮೊದಲೇ ಕೇಳಬೇಕು. ಕರೆಂಟು ತಂತಿ, ಅಡಿಕೆ ತೋಟ, ಹೆಜ್ಜೇನು ಕಟ್ಟಿದ ಮರ ಹತ್ತಿರ ಇರಬಾರದು. ಹುಡುಗ ರಿಮೋಟ್ ಹಿಡಿಯಲಿ, ಅಜ್ಜ ಆಕಾಶ ನೋಡಲಿ. ಗಾಳಿ ಯಾವಾಗ ತಿರುಗುತ್ತದೆ ಎಂದು ಪಟ ಹಾರಿಸಿದವರಿಗೆ ಹೇಳಿಕೊಡಬೇಕಿಲ್ಲ. ಕಾಲು ಕೆಜಿಯ ಡ್ರೋನನ್ನು ಮಲೆನಾಡಿನ ಗಾಳಿ ತರಗೆಲೆಯಂತೆ ಎತ್ತಿಕೊಂಡು ಹೋಗುತ್ತದೆ. ‘ಇಳಿಸು’ ಎಂದು ಅಜ್ಜ ಅಂದರೆ ಎರಡನೇ ಮಾತಿಲ್ಲದೆ ಇಳಿಸಬೇಕು, ಇದು ಸರ್ಕಾರದ್ದಲ್ಲ, ನನ್ನ ನಿಯಮ. ಮರಿ ಇರುವ ಹದ್ದು ಗಿಡುಗಗಳ ಗೂಡು ಕಂಡರೂ ಅಷ್ಟೆ, ಬೇರೆ ಕಡೆ ನಡೆಯಿರಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಹಂಪಿಯಂಥ ಸಂರಕ್ಷಿತ ಸ್ಮಾರಕದಲ್ಲಿ ಪುರಾತತ್ವ ಇಲಾಖೆಯನ್ನು ಕೇಳಬೇಕು. ಜಾತ್ರೆ, ಮೆರವಣಿಗೆ, ಗಣ್ಯರ ಭೇಟಿ ಇದ್ದರೆ ಪೊಲೀಸ್ ವರಿಷ್ಠಾಧಿಕಾರಿ ದರ್ಜೆಯವರು ಒಂದು ಜಾಗವನ್ನು ಒಂದು ಸಲಕ್ಕೆ 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ನಿನ್ನೆ ಹಸಿರಿದ್ದದ್ದು ಇಂದು ಕೆಂಪಾಗುವುದು ಹೀಗೆ.

ಜನರ ತಲೆಯ ಮೇಲಂತೂ ಬೇಡವೇ ಬೇಡ. ನಮ್ಮ ಬಂಧುಗಳ ಮದುವೆಯೊಂದರಲ್ಲಿ ಫೋಟೋದವರ ಡ್ರೋನ್ ತೆಂಗಿನ ಗರಿಗೆ ತಾಗಿ, ತಿರುಗುವ ರೆಕ್ಕೆಗಳ ಸಮೇತ ಬಡಿಸುವವರ ಮಧ್ಯೆ ಬಿದ್ದದ್ದನ್ನು ನಾನು ಪಂಕ್ತಿಯಲ್ಲಿ ಕುಳಿತು ನೋಡಿದ್ದೇನೆ. ಸಾರಿನ ಬಕೆಟ್ ಹಿಡಿದಿದ್ದ ಹುಡುಗನ ಮುಂಗೈಗೆ ಮೂರು ಹೊಲಿಗೆ ಬಿತ್ತು. ಅಪಘಾತವಾದರೆ 48 ಗಂಟೆಯೊಳಗೆ ಡಿಜಿಟಲ್ ಸ್ಕೈನಲ್ಲಿ ವರದಿ ಮಾಡಬೇಕು ಎಂಬ ನಿಯಮವಿದೆ ಎಂದು ಆ ಫೋಟೋದವರಿಗೆ ಯಾರೋ ಹೇಳಿದಾಗ ಅವರು ಹಾಗೂ ಉಂಟೇ ಎನ್ನುವ ಹಾಗೆ ಮುಖ ನೋಡಿದರು.

ಹುಡುಗನಿಗೆ ಇನ್ನೊಂದು ಮಾತು. 18 ತುಂಬಲು ಇನ್ನೂ ಐದಾರು ವರ್ಷ ಇದೆ ಎಂದು ಬೇಸರ ಬೇಡ. ಆ ವಯಸ್ಸಿಗೆ ಪ್ರಮಾಣಪತ್ರ ಪಡೆದರೆ ಇದು ಆಟವಷ್ಟೇ ಅಲ್ಲ, ಅನ್ನ ಕೊಡುವ ಕೆಲಸವೂ ಹೌದು. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ-ನಿವೇಶನಗಳನ್ನು ಡ್ರೋನಿನಿಂದಲೇ ಅಳೆದರು. ‘ನಮೋ ಡ್ರೋನ್ ದೀದಿ’ ಯೋಜನೆಯಲ್ಲಿ ಮಹಿಳೆಯರ 15,000 ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಬೇಕೆಂಬ ಗುರಿ ಇಟ್ಟುಕೊಂಡು, ಹಳ್ಳಿಯ ಹೆಣ್ಣುಮಕ್ಕಳಿಗೆ ಗೊಬ್ಬರ-ಔಷಧಿ ಸಿಂಪಡಿಸಲು ಕಲಿಸುತ್ತಿದ್ದಾರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆಯಲ್ಲಿ ಜಾರುವ ಅಡಿಕೆ ಮರ ಹತ್ತುವವರ ಕಷ್ಟ ನಿಮ್ಮ ಕಡೆಯವರಿಗೆ ಗೊತ್ತೇ ಇದೆ. ಆ ಕೆಲಸ ಕಲಿತ ಡ್ರೋನ್ ಪೈಲಟ್‌ಗೆ ಮಲೆನಾಡಿನಲ್ಲಿ ಯಾವ ಕಾಲಕ್ಕೂ ಮರ್ಯಾದೆ ಸಿಕ್ಕೀತು.

ಇದೇ ವಾರ ಮಂಡ್ಯ ಕಡೆಯ ಅಜ್ಜಿಯೊಬ್ಬರ ಕಾರ್ಡೂ ಬಂದಿದೆ, ಅದೂ ಡ್ರೋನಿನದ್ದೇ. ಅವರ ಮನೆ ಮದುವೆ ಛತ್ರದ ಪಕ್ಕ. ಮುಹೂರ್ತ ಇದ್ದಾಗಲೆಲ್ಲ ಫೋಟೋದವರ ಡ್ರೋನ್ ಅವರ ಮಹಡಿಯ ಮೇಲೆ ಬಂದು ನಿಲ್ಲುತ್ತದೆ. ಸಂಡಿಗೆ ಒಣಹಾಕಲು ಹೋದ ಸೊಸೆ ನಾಚಿ ಕೆಳಗೆ ಓಡಿ ಬರುತ್ತಾಳೆ. ‘ಮೊಮ್ಮಗನ ಕವಣೆ ಇದೆ, ಹೊಡೆಸಲೇ?’ ಎಂದು ಕೇಳಿದ್ದಾರೆ.

ಕವಣೆ ಬೇಡ ಅಜ್ಜಿ. ಗುರಿ ತಪ್ಪಿದರೆ ಕಲ್ಲು ಛತ್ರದೊಳಗೆ, ಗುರಿ ಸರಿಯಾದರೆ ಡ್ರೋನು ಯಾರದ್ದಾದರೂ ತಲೆಯ ಮೇಲೆ. ಮದುವೆಯ ಫೋಟೋದವರದು ಸಂಪಾದನೆಯ ಕೆಲಸ, ಡ್ರೋನ್ ಕಾಲು ಕೆಜಿ ಮೀರಿದ್ದರೆ ಪೈಲಟ್ ಪ್ರಮಾಣಪತ್ರವೂ ವಿಮೆಯೂ ಅವರ ಬಳಿ ಇರಲೇಬೇಕು. ಅದನ್ನು ಕೇಳಿ ನೋಡುವುದು ಛತ್ರದವರ ಜವಾಬ್ದಾರಿ ಎಂದು ಮ್ಯಾನೇಜರಿಗೆ ಒಂದು ಚೀಟಿ ಬರೆದು ಕೊಡಿ, ನಕಲು ನಿಮ್ಮ ಹತ್ತಿರ ಇರಲಿ. ಹೆಣ್ಣುಮಕ್ಕಳನ್ನು ಅವರಿಗೆ ತಿಳಿಯದಂತೆ ಮರೆಯ ಜಾಗದಲ್ಲಿ ಚಿತ್ರ ತೆಗೆಯುವುದು ಡ್ರೋನ್ ನಿಯಮದ ಮಾತಲ್ಲ, ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯೇ ಇದೆ. ಚೀಟಿಗೆ ಬಗ್ಗದಿದ್ದರೆ ಡ್ರೋನ್ ಬಂದ ದಿನ, ಗಂಟೆ ಬರೆದಿಟ್ಟುಕೊಂಡು, ಸಾಧ್ಯವಾದರೆ ಮೊಮ್ಮಗನ ಮೊಬೈಲಿನಲ್ಲಿ ಅದರದ್ದೇ ಒಂದು ಫೋಟೋ ತೆಗೆಸಿಕೊಂಡು, ಪೊಲೀಸ್ ಠಾಣೆಗೆ ಹೋಗಿ. ಸೊಸೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ನಡೆದದ್ದನ್ನು ಅವರೇ ಹೇಳಲಿ.